ಫೋಲ್ಡರ್ ಹೆಸರು ಬದಲಿಸಿದ ಮೇಲೆ ಪಿಪ್ ಓಡುತ್ತಿಲ್ಲ

ಪ್ರಾಜೆಕ್ಟ್ ಫೋಲ್ಡರ್ ಹೆಸರು ಬದಲಿಸಿದ ಮೇಲೆ ಪಿಪ್ (ಪೈಥಾನ್ ಪ್ಯಾಕೇಜ್‌ಗಳನ್ನು ಹಾಕುವ ಟೂಲ್) 'ಬ್ಯಾಡ್ ಇಂಟರ್‌ಪ್ರಿಟರ್' ಅಂತಿದೆ, ಪ್ಯಾಕೇಜ್‌ಗಳನ್ನೆಲ್ಲ ಮತ್ತೆ ಹಾಕಬೇಕಾ ಅಂತ ಕೇಳಿದ್ದೀರಿ. ಹಾಕಬೇಕು, ಆದರೆ ಜಾಸ್ತಿ ಕೆಲಸವಿಲ್ಲ.

ವೆನ್ವ್ (ಈ ಪ್ರಾಜೆಕ್ಟ್‌ಗೆಂದೇ ಪ್ರತ್ಯೇಕವಾಗಿ ಮಾಡಿಕೊಂಡ ಪೈಥಾನ್ ಪರಿಸರದ ಫೋಲ್ಡರ್) ಒಳಗೆ ಬಿನ್ ಫೋಲ್ಡರ್‌ನಲ್ಲಿರುವ ಪಿಪ್ ಫೈಲನ್ನು ಎಡಿಟರ್‌ನಲ್ಲಿ ತೆರೆದು ನೋಡಿ. ಮೊದಲ ಸಾಲಿನಲ್ಲೇ ಪೈಥಾನ್‌ನ ಪೂರ್ತಿ ಪಾತ್ ಇರುತ್ತದೆ, ಅದೂ ಹಳೇ ಹೆಸರಿನದು, ಅದಕ್ಕೇ ಪಿಪ್‌ಗೆ ಪೈಥಾನ್ ಸಿಗುತ್ತಿಲ್ಲ. ವೆನ್ವ್ ಚಾಲೂ ಮಾಡುವ ಆಕ್ಟಿವೇಟ್ ಫೈಲ್‌ನಲ್ಲೂ ಅದೇ ಕಥೆ. ಸುಮ್ನೆ ಒಂದೊಂದನ್ನೇ ತಿದ್ದುತ್ತಾ ಕೂರಬೇಡಿ.

ಅದೇ ಬಿನ್‌ನಲ್ಲಿರುವ ಪೈಥಾನ್ ಸಾಮಾನ್ಯವಾಗಿ ಇನ್ನೂ ಓಡುತ್ತದೆ. ಅದನ್ನೇ ನೇರವಾಗಿ ಕರೆದು, 'ಎಂ' (-m) ಆಯ್ಕೆಯ ಮೂಲಕ ಪಿಪ್ ಫ್ರೀಜ್ (ಹಾಕಿರುವ ಪ್ಯಾಕೇಜ್‌ಗಳ ಪಟ್ಟಿ ಕೊಡುವ ಕಮಾಂಡ್) ಓಡಿಸಿ, ಪಟ್ಟಿಯನ್ನು ರಿಕ್ವೈರ್‌ಮೆಂಟ್ಸ್ ಫೈಲ್‌ಗೆ ಉಳಿಸಿಕೊಳ್ಳಿ. ಪಟ್ಟಿ ಸರಿಯಾಗಿ ಬಂದಿದೆಯಾ ನೋಡಿ, ಆಮೇಲಷ್ಟೇ ಹಳೇ ವೆನ್ವ್ ಅಳಿಸಿ. ಹೊಸದು ಮಾಡಿ, ಆಕ್ಟಿವೇಟ್ ಮಾಡಿ, ಆ ಫೈಲ್‌ನಿಂದ ಇನ್‌ಸ್ಟಾಲ್ ಕೊಡಿ. ನಿಮ್ಮ ಕೋಡ್ ವೆನ್ವ್ ಒಳಗಿಲ್ಲ ಅಲ್ವಾ? ಇದ್ದರೆ ಅಳಿಸುವ ಮೊದಲು ಹೊರಗೆ ತೆಗೆದಿಡಿ.