ಪ್ರತಿಕ್ರಿಯೆ: ಐದನೇ ತರಗತಿಯ ಪಾಠದ ವಿವರ ಕೇಳುವುದು ತಪ್ಪೇ?

ತಪ್ಪೇನೂ ಇಲ್ಲ ಮೇಡಂ. ಚಳ್ಳಕೆರೆ ಕಡೆಯ ಸರ್ಕಾರಿ ಶಾಲೆಯಲ್ಲಿ ಮಗಳಿಗೆ ಈ ವರ್ಷ ಏನು ಕಲಿಸುತ್ತಾರೆಂದು ಕೇಳಿದರೆ ಶಾಲೆಯವರು 'ಅದು ಇಲಾಖೆಯ ವಿಷಯ' ಎಂದರೆಂದು ಬರೆದಿದ್ದೀರಿ. ಇಲಾಖೆಯ ವಿಷಯವೇ ಸರಿ, ಆದರೆ ಗುಟ್ಟಿನ ವಿಷಯವಲ್ಲ.

ಪುಸ್ತಕಗಳ ಚಿಂತೆ ಬಿಡಿ. ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಅವು ಉಚಿತವಾಗಿ ಸಿಗುತ್ತವೆ, ಮೊಬೈಲ್‌ಗೇ ಇಳಿಸಿಕೊಳ್ಳಬಹುದು. ನಿಮಗೆ ನಿಜವಾಗಿ ಬೇಕಿರುವುದು ವಾರ್ಷಿಕ ಪಾಠ ಹಂಚಿಕೆ, ಅಂದರೆ ಯಾವ ತಿಂಗಳು ಯಾವ ಪಾಠ ಎಂಬ ಪಟ್ಟಿ. ಅದು ಶಿಕ್ಷಕರ ಬಳಿ ಇರುತ್ತದೆ. 'ಸಿಲೆಬಸ್ ಕೊಡಿ' ಎನ್ನದೆ ಆ ಹೆಸರನ್ನೇ ಹಿಡಿದು ಕೇಳಿ; ಅರ್ಧ ಜಗಳ ಅಲ್ಲೇ ತಪ್ಪುತ್ತದೆ.

ಆಮೇಲೂ ಕೊಡದಿದ್ದರೆ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸಭೆಯಲ್ಲಿ ಎತ್ತಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕು, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರು. (ನಮ್ಮೂರಿನಲ್ಲಿ ಸಭೆ ಶೇಂಗಾ ಕೀಳುವ ದಿನವೇ ಬರುತ್ತಿತ್ತು, ಯಾರು ಹೋಗುತ್ತಾರೆ ಹೇಳಿ.)

ಕೊನೆಯ ದಾರಿ ಮಾಹಿತಿ ಹಕ್ಕು. ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಅರ್ಜಿ, 10 ರೂಪಾಯಿ ಶುಲ್ಕ. ಬಿಪಿಎಲ್ ಕುಟುಂಬವಾದರೆ ಅದೂ ಇಲ್ಲ. ಉತ್ತರಕ್ಕೆ 30 ದಿನ ಗಡುವು. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಮಿತಿ. ಹಾಗಾಗಿ ಶೌಚಾಲಯದಂಥ ಬೇರೆ ದೂರನ್ನು ಇದರಲ್ಲೇ ಸೇರಿಸಬೇಡಿ. ಆದರೆ ಮೊದಲು ತರಗತಿ ಶಿಕ್ಷಕಿಯನ್ನು ಒಮ್ಮೆ ಸಮಾಧಾನದಿಂದ ಕಂಡು ಮಾತನಾಡಿ. ಮಗು ನಾಳೆಯೂ ಅದೇ ಕೋಣೆಯಲ್ಲಿ ಕೂರಬೇಕಲ್ಲವೇ?