ಪಿಜ್ಜಾ ಮೇಲೆ ಅನಾನಸ್, ಆಲೂಗಡ್ಡೆ, ಬಾಳೆಹಣ್ಣು: ಮನೆಯ ಓವನ್‌ಗೆ ಹೊಂದುವ ಕ್ರಮ

ನಮಸ್ಕಾರ ಮೇಡಂ. ಕ್ಯಾಪ್ಸಿಕಂ, ಈರುಳ್ಳಿ, ಪನೀರ್ ಬಿಟ್ಟು ಪಿಜ್ಜಾ ಮೇಲೆ ಬೇರೆ ಏನು ಹಾಕಿದರೆ ರುಚಿಯಾಗುತ್ತದೆ ಎಂದೂ, ಅನಾನಸ್ ಹಾಕಿದಾಗ ಬೇಸ್ ಹಸಿಹಸಿಯಾಗಿ ಉಳಿದದ್ದು ಏಕೆ ಎಂದೂ ಕೇಳಿದ್ದೀರಿ. ಕಾರಣ ನೀರಿನ ಅಂಶ. ಇಟಲಿಯ ನೇಪಲ್ಸ್‌ ನಗರದ ಸೌದೆ ಒಲೆಯಲ್ಲಿ 430 ಡಿಗ್ರಿ ಸೆಲ್ಸಿಯಸ್‌ಗೂ ಹೆಚ್ಚಿನ ಶಾಖ ಇರುವುದರಿಂದ ಪಿಜ್ಜಾ 60ರಿಂದ 90 ಸೆಕೆಂಡುಗಳಲ್ಲಿ ಬೆಂದುಬಿಡುತ್ತದೆ. ನಮ್ಮ ಓವನ್‌ಗಳು ಸಾಮಾನ್ಯವಾಗಿ 250 ಡಿಗ್ರಿಗೆ ನಿಲ್ಲುತ್ತವೆ. ಬೇಯಲು ಹತ್ತು ನಿಮಿಷವಾದರೂ ಬೇಕು, ಅಷ್ಟರಲ್ಲಿ ಹಣ್ಣು ಬಿಟ್ಟ ರಸವೆಲ್ಲ ಹಿಟ್ಟಿಗೆ ಇಳಿದಿರುತ್ತದೆ.

ಅನಾನಸ್ ಪಿಜ್ಜಾವನ್ನು 1962ರಲ್ಲಿ ಕೆನಡಾದ ಚಾಥಮ್ ಊರಿನಲ್ಲಿ ಸ್ಯಾಮ್ ಪನೋಪೌಲೋಸ್ ಅವರು ಮಾಡಿದ್ದು ಡಬ್ಬಿಯ ಹಣ್ಣಿನಿಂದ. ತಾಜಾ ಹಣ್ಣಾದರೆ ತೆಳ್ಳಗೆ ಹೆಚ್ಚಿ, ಎಣ್ಣೆಯಿಲ್ಲದ ಕಾದ ಕಾವಲಿಯ ಮೇಲೆ ಎರಡೂ ಬದಿ ಕಂದು ಬಣ್ಣ ಬರುವವರೆಗೆ ಸುಟ್ಟು, ಆರಿದ ಮೇಲೆ ಹಾಕಿ. ಜೊತೆಗೆ ಉಪ್ಪಿನಲ್ಲಿ ಹಾಕಿಟ್ಟ ಹಲಪೆನ್ಯೊ ಮೆಣಸಿನಕಾಯಿ ಇದ್ದರೆ ಸಿಹಿ ಮುಖಕ್ಕೆ ಹೊಡೆಯುವುದಿಲ್ಲ.

ನೀವು ಮೊದಲು ಮಾಡಿ ನೋಡಬೇಕಾದದ್ದು ರೋಮ್ ನಗರದ ಆಲೂಗಡ್ಡೆ ಪಿಜ್ಜಾ ಎಂಬುದು ನನ್ನ ದೃಢವಾದ ಅಭಿಪ್ರಾಯ. ಹಿಟ್ಟಿನ ಮೇಲೆ ಆಲೂಗಡ್ಡೆಯೇ ಎಂದು ಹಿಂಜರಿಯಬೇಡಿ. ಇದಕ್ಕೆ ಟೊಮೆಟೊ ಸಾಸ್ ಬೇಡ, ಚೀಸ್ ಕೂಡ ಕಡ್ಡಾಯವಲ್ಲ. ಆಲೂಗಡ್ಡೆಯನ್ನು ಚಿಪ್ಸ್ ಮಣೆಯಲ್ಲಿ, ಬಿಲ್ಲೆಯ ಆಚೆ ಬೆರಳು ಮಸುಕಾಗಿ ಕಾಣುವಷ್ಟು ತೆಳ್ಳಗೆ ಹೆರೆದು, ಉಪ್ಪು ನೀರಿನಲ್ಲಿ ಅರ್ಧ ಗಂಟೆಗೂ ಹೆಚ್ಚು ಹೊತ್ತು ಬಿಡಿ. ಉಪ್ಪು ಒಳಗಿನ ನೀರನ್ನು ಎಳೆಯುವುದರಿಂದ ಬಿಲ್ಲೆಗಳು ಮುರಿಯದೆ ಬಟ್ಟೆಯಂತೆ ಬಾಗುತ್ತವೆ. ಆಗ ಹಿಂಡಿ, ಒರೆಸಿ, ಆಲಿವ್ ಎಣ್ಣೆ ಮತ್ತು ರೋಸ್‌ಮೆರಿ ಎಂಬ ಪರಿಮಳದ ಎಲೆ ಬೆರೆಸಿ, ಎಣ್ಣೆ ಸವರಿದ ತಟ್ಟೆಯಲ್ಲಿ ಹರಡಿದ ಹಿಟ್ಟಿನ ಮೇಲೆ ಅಂಚಿನವರೆಗೂ ಹೊದಿಸಿ. 230 ಡಿಗ್ರಿಯಲ್ಲಿ ಸುಮಾರು 25 ನಿಮಿಷ ಬೇಯಿಸಿದರೆ ಅಂಚಿನ ಬಿಲ್ಲೆಗಳು ಗರಿಗರಿಯಾಗಿ, ನಡುವಿನವು ಮೆತ್ತಗೆ ಇರುತ್ತವೆ. ಗಡಿಯಾರಕ್ಕಿಂತ ಬಣ್ಣವನ್ನು ನಂಬಿ.

ಸ್ವೀಡನ್ನಿನಲ್ಲಿ ಬಾಳೆಹಣ್ಣು ಮತ್ತು ಕರಿ ಪೌಡರ್ ಹಾಕಿದ ಪಿಜ್ಜಾ ಸಾಮಾನ್ಯ ಅಂಗಡಿಗಳಲ್ಲೇ ಸಿಗುತ್ತದೆ. ಕೆಲವೆಡೆ ಕಡಲೆಕಾಯಿ ಬೀಜವನ್ನೂ ಉದುರಿಸುತ್ತಾರೆ. ಪೂರ್ತಿ ಕಳಿಯದ, ಗಟ್ಟಿಯಾದ ಹಣ್ಣನ್ನೇ ಆರಿಸಿ. ಕರಿ ಪೌಡರ್ ಬದಲು ನಮ್ಮ ಸಾರಿನ ಪುಡಿಯನ್ನೋ ಸಾಂಬಾರ್ ಪುಡಿಯನ್ನೋ ಹಾಕಬೇಡಿ, ಅವುಗಳ ಇಂಗು ಮತ್ತು ಮೆಂತ್ಯ ಹಣ್ಣಿನ ಪರಿಮಳವನ್ನು ಮುಚ್ಚಿಬಿಡುತ್ತವೆ. ಅರಿಶಿನ, ಕೊತ್ತಂಬರಿ, ಜೀರಿಗೆ ಹೆಚ್ಚಿರುವ, ಖಾರ ಕಡಿಮೆಯಿರುವ ಪುಡಿ ಸಾಕು.

ಚೀಸ್‌ಗೆ ಸ್ವಲ್ಪ ಹೆಚ್ಚು ಖರ್ಚು ಮಾಡಬಹುದಾದರೆ ಪೇರ್ ಹಣ್ಣು ಮತ್ತು ಗೊರ್ಗೊಂಜೋಲಾ ಎಂಬ ಇಟಲಿಯ ನೀಲಿ ಚೀಸ್‌ನ ಜೋಡಿ ಬಹಳ ಚೆನ್ನಾಗಿರುತ್ತದೆ. ಇಲ್ಲಿಯೂ ಟೊಮೆಟೊ ಬೇಡ. ಮೊದಲು ಮೊಜ್ಜರೆಲ್ಲಾ ಹರಡಿ, ಮೇಲೆ ತೆಳುವಾಗಿ ಹೆಚ್ಚಿದ ಪೇರ್ ಇಡಿ. ಗೊರ್ಗೊಂಜೋಲಾ ತುಂಬ ಉಪ್ಪಾಗಿದ್ದು ವಾಸನೆಯೂ ತೀಕ್ಷ್ಣವಾದ್ದರಿಂದ ಕಡಲೆಕಾಳಿನಷ್ಟು ಸಣ್ಣ ಚೂರುಗಳನ್ನು ಅಲ್ಲಲ್ಲಿ ಮಾತ್ರ ಹಾಕಿ. ಅಕ್ರೋಟನ್ನು ಮೊದಲೇ ಹಾಕಿದರೆ ಸೀದು ಕಹಿಯಾಗುತ್ತದೆ, ಕೊನೆಯ ಮೂರು ನಿಮಿಷ ಇರುವಾಗ ಉದುರಿಸಿ. ಜೇನುತುಪ್ಪವನ್ನು ಪಿಜ್ಜಾ ಹೊರತೆಗೆದ ಮೇಲೆಯೇ ಹನಿಸಿ.