ಚುಕ್ಕೆ ಇದ್ದರೆ ಮುಂಬೈ, ಇಲ್ಲದಿದ್ದರೆ?

ಓದುಗರ ಪ್ರಶ್ನೆ, ನಮ್ಮ ಉತ್ತರ: ಹಳೆಯ ನಾಣ್ಯಗಳು

ಪ್ರಶ್ನೆ: ನಮ್ಮ ಅಜ್ಜಿ ತಿರುಪತಿಗೆಂದು ಹಳದಿ ಬಟ್ಟೆಯಲ್ಲಿ ಕಟ್ಟಿಟ್ಟಿದ್ದ ಮುಡಿಪನ್ನು, ಅದರ ಬದಲಿಗೆ ಬೇರೆ ಹಣ ತೆಗೆದಿಟ್ಟು, ಈಚೆಗೆ ಬಿಚ್ಚಿದೆವು. ಅದರಲ್ಲಿ 1936ನೇ ಇಸವಿಯ ಎರಡು ತಾಮ್ರದ ಕಾಲಾಣೆಗಳಿದ್ದವು. ಒಂದರಲ್ಲಿ ಇಸವಿಯ ಕೆಳಗೆ ಸಣ್ಣ ಚುಕ್ಕೆಯಿದೆ, ಇನ್ನೊಂದರಲ್ಲಿ ಇಲ್ಲ. ಇದು ಟಂಕಸಾಲೆಯ ಗುರುತೋ, ಬರಿಯ ಕಲೆಯೋ? ಇಂತಹ ಸಣ್ಣ ಭೇದಗಳನ್ನೇ ಹಿಡಿದು ಸಂಗ್ರಹ ಮಾಡಬಹುದೇ?
(ತೀರ್ಥಹಳ್ಳಿ ತಾಲ್ಲೂಕಿನ ಓದುಗರೊಬ್ಬರು)

ಉತ್ತರ: ಧಾರಾಳವಾಗಿ ಮಾಡಬಹುದು. ನಿಮ್ಮ ಕೈಯಲ್ಲಿರುವ ಜೋಡಿಯೇ ಅದಕ್ಕೆ ಒಳ್ಳೆಯ ಆರಂಭ. 1936ರ ಕಾಲಾಣೆಯನ್ನು ಕಲ್ಕತ್ತೆಯ ಟಂಕಸಾಲೆಯೂ ಮುಂಬೈಯ ಟಂಕಸಾಲೆಯೂ ಅಚ್ಚು ಹಾಕಿದವು. ಮುಂಬೈಯವರು ಇಸವಿಯ ಕೆಳಗೆ ಒಂದು ಚುಕ್ಕೆಯನ್ನಿಟ್ಟರೆ ಕಲ್ಕತ್ತೆಯವರು ಏನನ್ನೂ ಇಡುತ್ತಿರಲಿಲ್ಲ. ಒಂದು ಸಣ್ಣ ತಿದ್ದುಪಡಿಯೂ ಇದೆ: ನಾವೆಲ್ಲ ಬಾಯಿಮಾತಿಗೆ ತಾಮ್ರದ ಕಾಸು ಎನ್ನುತ್ತೇವಾದರೂ 1906ರಿಂದ ಈಚಿನ ಕಾಲಾಣೆಗಳು ನಿಜವಾಗಿ ಕಂಚಿನವು, ನೂರು ಪಾಲಿನಲ್ಲಿ ತೊಂಬತ್ತೈದು ತಾಮ್ರ, ನಾಲ್ಕು ತವರ, ಒಂದು ಸತು. ಅಪ್ಪಟ ತಾಮ್ರದ ಹಳೆಯ ಕಾಲಾಣೆ ಸುಮಾರು ಆರೂವರೆ ಗ್ರಾಂ ತೂಗಿದರೆ ನಿಮ್ಮದು ಐದು ಗ್ರಾಂಗಿಂತ ತುಸು ಕಡಿಮೆ ತೂಗಬೇಕು. ಅಕ್ಕಸಾಲಿಗರ ತಕ್ಕಡಿಯಲ್ಲಿ ಒಮ್ಮೆ ತೂಗಿಸಿ ನೋಡಿ.

ಇನ್ನು ಚುಕ್ಕೆಯ ವಿಚಾರ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿಯನ್ನು ಹಿಡಿದು, ಬೆಳಗಿನ ಓರೆ ಬಿಸಿಲು ಬೀಳುವ ಜಗಲಿಯ ಅಂಚಿನಲ್ಲಿ ಕುಳಿತು, ನಾಣ್ಯವನ್ನು ಬೆರಳ ತುದಿಯಲ್ಲಿ ನಿಧಾನವಾಗಿ ತಿರುಗಿಸಿ. ಅಚ್ಚಿನಿಂದ ಬಂದ ಚುಕ್ಕೆ ನೆಲಮಟ್ಟದಿಂದ ಉಬ್ಬಿರುತ್ತದೆ, ಅದರ ಒಂದು ಪಕ್ಕದಲ್ಲಿ ಬೆಳಕೂ ಇನ್ನೊಂದು ಪಕ್ಕದಲ್ಲಿ ಕೂದಲೆಳೆಯಷ್ಟು ನೆರಳೂ ಕಾಣುತ್ತದೆ, ಮತ್ತು ಅದರ ಬಣ್ಣ ಪಕ್ಕದ ಅಂಕಿಗಳ ಬಣ್ಣವೇ ಆಗಿರುತ್ತದೆ. ಕಿಲುಬು ಕೂಡ ಉಬ್ಬಿಕೊಳ್ಳುವುದುಂಟು. ಆದರೆ ಅದರ ಅಂಚು ಹುಡಿಹುಡಿಯಾಗಿರುತ್ತದೆ, ಬಣ್ಣವೂ ಬೇರೆ. ನಿಜವಾಗಿ ಮೋಸ ಮಾಡುವುದು ಮೂರನೆಯ ಬಗೆ. ಅಚ್ಚಿನ ಮೊಳೆಯಲ್ಲಿಯೇ ಒಂದು ಚೂರು ಕಿತ್ತುಹೋಗಿದ್ದರೆ ಆ ಹಳ್ಳಕ್ಕೆ ಲೋಹ ನುಗ್ಗಿ ನಾಣ್ಯದ ಮೇಲೆ ಗಂಟೊಂದು ಮೂಡುತ್ತದೆ. ಅದು ಅದೇ ಲೋಹದ್ದು, ಅದೇ ಬಣ್ಣದ್ದು. ಆಗ ಇರುವ ಪರೀಕ್ಷೆ ಒಂದೇ: ಅದೇ ಇಸವಿಯ ಇನ್ನೂ ನಾಲ್ಕಾರು ಕಾಲಾಣೆಗಳನ್ನು ಪಕ್ಕದಲ್ಲಿಟ್ಟು ಚುಕ್ಕೆಯ ಜಾಗ ಮತ್ತು ಗಾತ್ರವನ್ನು ಹೋಲಿಸುವುದು. ಗುರುತಾದರೆ ಅದು ಎಲ್ಲದರಲ್ಲಿಯೂ ಗೊತ್ತಾದ ಒಂದೇ ಜಾಗದಲ್ಲಿರುತ್ತದೆ. ಗಂಟಾದರೆ ಮನಸ್ಸು ಬಂದಲ್ಲಿ ಕೂತಿರುತ್ತದೆ.

ಹೊಸಬರು ಎಡವುವುದು ಚುಕ್ಕೆ ಇರುವ ನಾಣ್ಯದಲ್ಲಲ್ಲ, ಇಲ್ಲದ ನಾಣ್ಯದಲ್ಲಿ. ಕಲ್ಕತ್ತೆಗೆ ಗುರುತೇ ಇಲ್ಲವಾದ್ದರಿಂದ, ಸಂತೆಯಿಂದ ಸಂತೆಗೆ ಓಡಾಡಿ ಸವೆದು ಚುಕ್ಕೆ ಕಳೆದುಕೊಂಡ ಮುಂಬೈ ಕಾಸು ಕಲ್ಕತ್ತೆಯದರಂತೆಯೇ ಕಾಣುತ್ತದೆ. ಹಾಗಾಗಿ ‘ಚುಕ್ಕೆಯಿಲ್ಲ, ಆದ್ದರಿಂದ ಕಲ್ಕತ್ತೆ’ ಎಂದು ಬರೆದಿಡುವ ಮೊದಲು ಇಸವಿಯ ಅಂಕಿಗಳ ಅಂಚು ಚೂಪಾಗಿದೆಯೇ, ಅಂಚಿನ ಮಣಿಸಾಲು ಬಿಡಿಬಿಡಿಯಾಗಿ ಎಣಿಸಲು ಸಿಗುತ್ತದೆಯೇ ಎಂದು ನೋಡಿ. ಎರಡೂ ಸರಿಯಿದ್ದರೆ ಮಾತ್ರ ಆ ಖಾಲಿ ಜಾಗವನ್ನು ನಂಬಬಹುದು. ಇಲ್ಲವಾದರೆ ಲಕೋಟೆಯ ಮೇಲೆ ‘ಟಂಕಸಾಲೆ ತಿಳಿಯದು’ ಎಂದೇ ಬರೆಯಿರಿ. ನನ್ನ ಪೆಟ್ಟಿಗೆಯಲ್ಲಿಯೂ ಅಂತಹ ಲಕೋಟೆಗಳು ಬೇಕಾದಷ್ಟಿವೆ.

ಚುಕ್ಕೆಗೆ ಎಲ್ಲ ಕಾಲದಲ್ಲಿಯೂ ಒಂದೇ ಅರ್ಥವಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. ಬೆಳ್ಳಿಯದಾದರೂ 1862ರ ರೂಪಾಯಿ ಇದಕ್ಕೆ ತಕ್ಕ ಉದಾಹರಣೆ: ಆ ಇಸವಿಯನ್ನು ಬದಲಿಸದೆಯೇ 1874ರವರೆಗೆ ಅಚ್ಚು ಹಾಕಿದ್ದರಿಂದ, ಮುಂಬೈಯವರು ಇಸವಿಯ ಕೆಳಗೆ ಚುಕ್ಕೆಗಳನ್ನು ಸೇರಿಸುತ್ತ ವರ್ಷವನ್ನು ಸೂಚಿಸಿದರು. ಸ್ವಾತಂತ್ರ್ಯಾನಂತರದ ಕಾಸುಗಳಲ್ಲಿ ಮುಂಬೈಗೆ ವಜ್ರಾಕೃತಿ ಬಂತು, ಹೈದರಾಬಾದಿಗೆ ನಕ್ಷತ್ರ ಬಂತು, ಕಲ್ಕತ್ತೆ ಎಂದಿನಂತೆ ಖಾಲಿ ಉಳಿಯಿತು. ಬಿಟ್ಟುಹೋದ ಚುಕ್ಕೆ ಕೊನೆಗೆ ನೋಯ್ಡಾದ ಪಾಲಾಯಿತು. ಕುದುರೆ ಚಿತ್ರವಿರುವ 1950ರ ದಶಕದ ಒಂದು ಪೈಸೆಯ ಬಿಲ್ಲೆಗಳು ಮಲೆನಾಡಿನ ಹಳೆಯ ಮನೆಗಳ ಡಬ್ಬಿಗಳಲ್ಲಿ ಈಗಲೂ ಸಿಗುವುದರಿಂದ, ವಜ್ರಾಕೃತಿ ಇರುವುದನ್ನೂ ಇಲ್ಲದ್ದನ್ನೂ ಬೇರ್ಪಡಿಸುವುದು ಅಭ್ಯಾಸಕ್ಕೆ ಒಳ್ಳೆಯದು. ಬೆಲೆಯ ಆಸೆಯನ್ನು ಮಾತ್ರ ಇಟ್ಟುಕೊಳ್ಳಬೇಡಿ. ನಿಮ್ಮ ಎರಡು ಕಾಲಾಣೆಗಳೂ ಹೇರಳವಾಗಿ ಸಿಗುವಂಥವೇ.

ಪ್ರಶ್ನೆ: ಅಡಿಕೆ ತೋಟದಲ್ಲಿ ಬಸಿಗಾಲುವೆ ತೆಗೆಯುವಾಗ ಆನೆಯ ಚಿತ್ರವಿರುವ ದಪ್ಪನೆಯ ತಾಮ್ರದ ಬಿಲ್ಲೆಯೊಂದು ಸಿಕ್ಕಿತು. ಆನೆಯ ಬಾಲ ಮೇಲಕ್ಕೆ ತಿರುಚಿಕೊಂಡಿದೆ. ಬಾಲ ಹೀಗಿದ್ದರೆ ಅದು ನಗರದ (ಹಳೆಯ ಬಿದನೂರಿನ) ಟಂಕಸಾಲೆಯದೆಂದು ಒಬ್ಬರು ಹೇಳಿದರು. ನಿಜವೇ?
(ಹೊಸನಗರ ತಾಲ್ಲೂಕಿನ ಓದುಗರು)

ಉತ್ತರ: ಬಾಲವನ್ನು ನಂಬಬೇಡಿ. ನಿಮ್ಮದರಂತೆ ಆನೆಯ ಚಿತ್ರವಿರುವ, ಟಿಪ್ಪುವಿನ ಕಾಲದ ತಾಮ್ರದ ಪೈಸೆಗಳ ಅಚ್ಚನ್ನು ಕೆತ್ತುತ್ತಿದ್ದವರು ಕೈಯಿಂದಲೇ ಕೆತ್ತುತ್ತಿದ್ದರು. ಒಂದು ಅಚ್ಚು ಸವೆದು ಇನ್ನೊಂದನ್ನು ಕೆತ್ತಿದಾಗ ಆನೆಯ ಬಾಲವೂ ಸೊಂಡಿಲೂ ಒಂದಿಷ್ಟು ಬದಲಾಗುವುದು ಸಹಜ. ಅದು ಅಚ್ಚಿನ ಭೇದವೇ ಹೊರತು ಟಂಕಸಾಲೆಯ ಗುರುತಲ್ಲ. ಈ ನಾಣ್ಯಗಳಲ್ಲಿ ಗುರುತನ್ನು ಹುಡುಕುವ ಅಗತ್ಯವೂ ಇಲ್ಲ, ಏಕೆಂದರೆ ಆನೆಯ ಹಿಂಬದಿಯಲ್ಲಿ ಅಚ್ಚು ಹಾಕಿದ ಊರಿನ ಹೆಸರನ್ನೇ ಪಾರಸಿ ಅಕ್ಷರಗಳಲ್ಲಿ ಬರೆದಿರುತ್ತಾರೆ. ‘ಜರ್ಬ್’ ಎಂದರೆ ಅಚ್ಚು ಹಾಕಿದ್ದು. ಅದರ ಜೊತೆಗೆ ‘ನಗರ’ ಎಂದಿದ್ದರೆ ನಿಮ್ಮೂರಿನ ಸಮೀಪದ ಬಿದನೂರು, ‘ಪಟ್ಟಣ’ ಎಂದಿದ್ದರೆ ಶ್ರೀರಂಗಪಟ್ಟಣ. 1763ರಲ್ಲಿ ಬಿದನೂರನ್ನು ಗೆದ್ದ ಹೈದರನು ಅದಕ್ಕೆ ಹೈದರ್‌ನಗರವೆಂದು ಹೆಸರಿಟ್ಟ. ನಾಣ್ಯದ ಮೇಲಿರುವುದು ಅದರ ಮೊಟಕು ರೂಪ. ಬಿಲ್ಲೆ ಅಚ್ಚಿಗಿಂತ ಚಿಕ್ಕದಾಗಿ ಹೆಸರಿನ ಅರ್ಧ ಹೊರಗೇ ಉಳಿದಿರುವುದುಂಟು. ಹಾಗಿದ್ದಾಗ ಪಾರಸಿ ಓದಬಲ್ಲವರಿಗೆ ಎರಡೂ ಬದಿಯ ಚಿತ್ರವನ್ನು ತೋರಿಸಿ.

ಇಸವಿ ಓದುವಾಗಲೂ ಎಚ್ಚರ ಬೇಕು. 1787ರ ಸುಮಾರಿಗೆ ಟಿಪ್ಪು ಹೊಸದೊಂದು ವರ್ಷಗಣನೆಯನ್ನು ತಂದು, ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಸಿದ. 1222 ಎಂಬುದು ನಮ್ಮ ಕಣ್ಣಿಗೆ 2221 ಎಂದು ಕಾಣುತ್ತದೆ. ಹೆಸರು ಒಂದೂರಿನದು, ಅಚ್ಚು ಇನ್ನೊಂದೂರಿನದು ಆಗುವುದು ನಮ್ಮ ಸೀಮೆಗೆ ಹೊಸದೇನಲ್ಲ. ಕೆಳದಿ ನಾಯಕರ ರಾಜಧಾನಿ ಇಕ್ಕೇರಿಯಿಂದ ಬಿದನೂರಿಗೆ ಹೋದ ಮೇಲೆ ಅಲ್ಲಿ ಅಚ್ಚಾದ ಚಿನ್ನದ ವರಹವನ್ನೂ ಜನ ಇಕ್ಕೇರಿ ವರಹವೆಂದೇ ಕರೆದರು. ಅಂದ ಹಾಗೆ, ಇನ್ನೂ ಅಗೆಯುವಾಗ ನಾಣ್ಯದ ಗಡಿಗೆಯೇನಾದರೂ ಸಿಕ್ಕರೆ ಹಂಚಿಕೊಳ್ಳದೆ ಜಿಲ್ಲಾಧಿಕಾರಿಗಳಿಗೆ ತಿಳಿಸುವುದು ಕಾನೂನಿನ ಕಟ್ಟಳೆ.

ಪ್ರಶ್ನೆ: ಮಳೆಗಾಲದಲ್ಲಿ ತಾಮ್ರದ ಕಾಸುಗಳು ಹಸಿರುಗಟ್ಟುತ್ತವೆ. ಹುಣಸೆಹಣ್ಣಿನಿಂದ ತಿಕ್ಕಿದರೆ ಗುರುತುಗಳು ಚೆನ್ನಾಗಿ ಕಾಣಿಸುವುದಿಲ್ಲವೇ?
(ಸಾಗರದ ಓದುಗರು)

ಉತ್ತರ: ತಂಬಿಗೆಗೆ ಹುಣಸೆಹಣ್ಣು ಸರಿ, ನಾಣ್ಯಕ್ಕೆ ಬೇಡ. ಹುಳಿ ಕಿಲುಬಿನ ಜೊತೆಗೆ ಮೇಲಿನ ಲೋಹವನ್ನೂ ತಿನ್ನುತ್ತದೆ. ಮೊದಲು ಕರಗುವುದು ನೀವು ಹುಡುಕುತ್ತಿರುವ ಚುಕ್ಕೆಯೇ. ಮಣ್ಣು ಮೆತ್ತಿದ್ದರೆ ಕಾಯಿಸಿ ಆರಿಸಿದ ನೀರಿನಲ್ಲಿ ನೆನೆಹಾಕಿ, ಮೆತ್ತನೆಯ ಬಟ್ಟೆಯಿಂದ ಒತ್ತಿ ಒರೆಸಿ, ಪೂರ್ತಿ ಒಣಗಿಸಿ. ಗಟ್ಟಿಯಾಗಿ ಅಂಟಿಕೊಂಡ ಕಡುಹಸಿರು ಅಥವಾ ಕಂದು ಪದರವನ್ನು ಹಾಗೆಯೇ ಬಿಡಿ, ಅದು ಕಾಸಿಗೆ ಕವಚ. ತಿಳಿಹಸಿರಿನ ಪುಡಿ ಉದುರುತ್ತಿದ್ದರೆ ಮಾತ್ರ ಅದು ಒಳಗಿನಿಂದ ತಿನ್ನುವ ರೋಗ. ಆ ಕಾಸನ್ನು ಉಳಿದವುಗಳಿಂದ ಬೇರೆಯಿಡಿ. ಮೆತ್ತನೆಯ ಪಿವಿಸಿ ಹಾಳೆಗಳ ಆಲ್ಬಮ್ ನಮ್ಮ ತೇವಕ್ಕೆ ಜಿಗುಟಾಗಿ ಕಾಸಿಗೆ ಹಸಿರು ಅಂಟನ್ನು ಮೆತ್ತುತ್ತದೆ. ಒಂದೊಂದು ಕಾಸಿಗೆ ಒಂದೊಂದು ಕಾಗದದ ಲಕೋಟೆ, ಎಲ್ಲವೂ ಬಿಗಿ ಮುಚ್ಚಳದ ಡಬ್ಬಿಯೊಳಗೆ, ಜೊತೆಗೆ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ಪೊಟ್ಟಣವನ್ನು ಹದಿನೈದು ದಿನಕ್ಕೊಮ್ಮೆ ಬದಲಿಸುತ್ತಿರಿ.